ಹನ್ನೆರಡನೇ ನಂಬರಿನ ಜಾಹೀರಾತು

ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ಬರ್ನೀಸ್ ಕುಚೇರಾ ಕೆಟಲ್ ಕ್ರೀಕ್ ಪೊಲೀಸ್ ಠಾಣೆಗೆ ಬಂದು, ಗ್ರಿಫಿನ್ ಮರ್ಚಿಸನ್ ಮೇಲೆ ವಂಚನೆಯ ದೂರು ಬರೆದುಕೊಳ್ಳಿ ಎಂದಾಗ ಕೌಂಟರಿನಲ್ಲಿದ್ದ ಕಾನ್‌ಸ್ಟೇಬಲ್ ವೆಂಡೆಲ್ ಪ್ರೂಯಿಟ್ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟುಬಿಟ್ಟ. ಊರಿನ ಮೇಯರ್ ಮೇಲೆ ದೂರು ಕೊಟ್ಟಿದ್ದರೆ ಅವನು ಸಂತೋಷವಾಗಿ ಬರೆದುಕೊಳ್ಳುತ್ತಿದ್ದ. ಪಾದ್ರಿಯ ಮೇಲೆ ಕೊಟ್ಟಿದ್ದರೂ ಒಂದು ನಿಮಿಷ ಯೋಚಿಸಿ ಬರೆದುಕೊಳ್ಳುತ್ತಿದ್ದ. ಆದರೆ ಗ್ರಿಫಿನ್ ಮರ್ಚಿಸನ್ ಎಂದರೆ ಊರಿನ ವಿಶ್ವವಿದ್ಯಾಲಯದ ಬೈಸನ್ ತಂಡದ ಹನ್ನೆರಡನೇ ನಂಬರು, ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡೆಸೆದು ತಂಡವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್. ಶನಿವಾರ ಟಾಲ್ಬಟ್ ಕಾಲೇಜಿನ ಮೇಲೆ ಪಂದ್ಯ. ಟಾಲ್ಬಟ್‌ನವರನ್ನು ಬೈಸನ್ ಸೋಲಿಸಿ ಒಂಬತ್ತು ವರ್ಷವಾಗಿತ್ತು.

ಮುಂದಿನ ವಾರ ಬಂದರೆ ಆಗುವುದಿಲ್ಲವೇ ಎಂದು ವೆಂಡೆಲ್ ಮೆಲ್ಲಗೆ ಕೇಳಿದ. ಬರ್ನೀಸ್ ಕೈಚೀಲವನ್ನು ಕೌಂಟರಿನ ಮೇಲೆ ದಪ್ಪನೆ ಇಟ್ಟರು. ಆ ಸದ್ದಿಗೆ ಒಳಗಿನ ಕೋಣೆಯಿಂದ ತನಿಖಾಧಿಕಾರಿ ಸಾರ್ಜೆಂಟ್ ಜೋಲೀನ್ ಹೂಕ್‌ಸ್ಟ್ರಾ ಎದ್ದು ಬಂದಳು. ಇಡೀ ಊರಿನಲ್ಲಿ ಫುಟ್‌ಬಾಲ್ ಎಂದರೆ ಮುಖ ಸಿಂಡರಿಸುವವಳು ಅವಳೊಬ್ಬಳೇ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವಳ ಪಾಲಿಗೆ ಫುಟ್‌ಬಾಲ್ ಎಂದರೆ ಶನಿವಾರದ ಟ್ರಾಫಿಕ್ಕು ಮತ್ತು ಸೋತ ದಿನ ಮಾತು ಬಿಡುವ ಗಂಡ, ಅಷ್ಟೇ.

ಬರ್ನೀಸ್ ಹೇಳಿದ್ದು ಇಷ್ಟು. ಮುಖ್ಯ ರಸ್ತೆಯಲ್ಲಿ ಅವರದೊಂದು ಬೇಕರಿ; ಅಜ್ಜಿಯ ಕಾಲದಿಂದ ಕೊಲಾಚೆ ಬನ್ನು ಮಾಡುತ್ತಾ ಬಂದಿದ್ದಾರೆ, ಕೆಲವಕ್ಕೆ ನಡುವೆ ಹಣ್ಣಿನ ಗೊಜ್ಜು, ಕೆಲವಕ್ಕೆ ಸಾಸೇಜು. ಹೋದ ಗುರುವಾರ ಬೆಳಗಿನ ಜಾವ ಹನ್ನೆರಡನೇ ನಂಬರು ಬೇಕರಿಗೆ ಬಂದು ಜಾಹೀರಾತಿಗೆ ನಿಂತ, ಬಂದ ಗಿರಾಕಿಗಳ ಡಬ್ಬಗಳ ಮೇಲೆ ಸಹಿ ಹಾಕಿದ, ಸಾವಿರದ ಇನ್ನೂರು ಡಾಲರ್ ತೆಗೆದುಕೊಂಡು ಹೋದ. ಭಾನುವಾರ ಬರ್ನೀಸ್ ಆ ವಿಡಿಯೊ ಊರಿಗೆಲ್ಲ ಹಂಚಿದರು. ಸೋಮವಾರ ಹನ್ನೆರಡನೇ ನಂಬರಿನ ವ್ಯವಹಾರ ನೋಡಿಕೊಳ್ಳುವ ಏಜೆಂಟು, ನಮ್ಮ ಹುಡುಗ ಆ ಬೇಕರಿಯ ಬಾಗಿಲನ್ನೇ ತುಳಿದಿಲ್ಲ ಎಂದು ಹೇಳಿಕೆ ಕೊಟ್ಟ.

"ಬಂದ, ಆರು ಬನ್ನು ತಿಂದ, ದುಡ್ಡು ತಗೊಂಡ. ಈಗ ಬಂದೇ ಇಲ್ಲ ಅಂತಾನೆ. ಚರ್ಚಲ್ಲಿ ಜನ ನನ್ನ ಮುಖ ನೋಡಿ ಪಿಸಿಪಿಸಿ ಮಾತಾಡ್ತಾರಮ್ಮಾ, ಈ ಮುದುಕಿ ಸುಳ್ಳು ವಿಡಿಯೊ ಮಾಡಿಸಿದ್ಲು ಅಂತ," ಎಂದರು ಬರ್ನೀಸ್.

ಜೋಲೀನ್ ವೆಂಡೆಲ್‌ನ ಪೆನ್ನನ್ನು ಎತ್ತಿ ಅವನ ಕೈಗೇ ಕೊಟ್ಟಳು. ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ದೂರು ದಾಖಲಾಯಿತು. ಆರೋಪಿಯ ಹೆಸರನ್ನು ವೆಂಡೆಲ್ ಆದಷ್ಟು ಸಣ್ಣ ಅಕ್ಷರದಲ್ಲಿ ಬರೆದ.

ಕಾಲೇಜಿನ ಆಟಗಾರರು ಆಡಿದ್ದಕ್ಕೆ ಒಂದು ಕಾಸನ್ನೂ ಮುಟ್ಟಬಾರದು ಎನ್ನುವ ಕಾಲ ಹೋಗಿ, ಜಾಹೀರಾತಿನ ದುಡ್ಡನ್ನು ರಾಜಾರೋಷವಾಗಿ ತೆಗೆದುಕೊಳ್ಳಬಹುದು ಎನ್ನುವ ಕಾಲ ಬಂದ ಮೇಲೆ ಕೆಟಲ್ ಕ್ರೀಕಿನ ಅಂಗಡಿಯವರಿಗೆಲ್ಲ ತಲೆಗೊಬ್ಬ ಆಟಗಾರ ಬೇಕಾಗಿದ್ದ. ಹಲ್ಲಿನ ಡಾಕ್ಟರು ಚೆಂಡು ಒದೆಯುವವನನ್ನು ಹಿಡಿದಿದ್ದರು. ನಲ್ಲಿ ರಿಪೇರಿಯವನು ಮುನ್ನೂರು ಪೌಂಡು ತೂಗುವ ಒಬ್ಬನ ಚಿತ್ರವನ್ನು ವ್ಯಾನಿನ ಮೇಲೆ ಬರೆಸಿ, ಇವನನ್ನು ದಾಟಿ ಒಂದು ಹನಿಯೂ ಹೋಗುವುದಿಲ್ಲ ಎಂದು ಕೆಳಗೆ ಬರೆಸಿದ್ದ. ಎಲ್ಲಕ್ಕಿಂತ ದೊಡ್ಡ ಒಪ್ಪಂದ ಮರ್ಚಿಸನ್‌ನದು. ಹಾರ್ಲನ್ ಸಾಸೇಜ್ ಕಂಪನಿ ಅವನಿಗೆ ವರ್ಷಕ್ಕೆ ಇಷ್ಟು ಎಂದು ಕೊಟ್ಟು, ಬೇರೆ ಯಾವ ತಿಂಡಿಯ ಜೊತೆಯೂ ಅವನು ಕಾಣಿಸಿಕೊಳ್ಳಬಾರದು ಎಂದು ಬರೆಸಿಕೊಂಡಿತ್ತು. ಬರ್ನೀಸ್ ಅವರ ಬನ್ನಿನೊಳಗೆ ಇದ್ದದ್ದು ಬೇರೆ ಕಂಪನಿಯ ಸಾಸೇಜು.

ಹಾರ್ಲನ್‌ನ ವಕೀಲರು ಆಗಲೇ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದಿದ್ದರು. ವಿಶ್ವವಿದ್ಯಾಲಯದವರು ಹೆದರಿ, ಕಾಲೇಜಿಗೆ ತಿಳಿಸದೆ ಮಾಡಿಕೊಂಡ ಒಪ್ಪಂದ ಇದು ಎಂದಾದರೆ ನಿಯಮಕ್ಕೆ ವಿರುದ್ಧ, ಪೊಲೀಸರು ಹುಡುಗನ ಕೈ ಇದರಲ್ಲಿಲ್ಲ ಎಂದು ಶುಕ್ರವಾರ ಮಧ್ಯಾಹ್ನದೊಳಗೆ ಹೇಳದಿದ್ದರೆ ಶನಿವಾರ ಅವನು ಮೈದಾನಕ್ಕೆ ಇಳಿಯುವಂತಿಲ್ಲ, ಬೇಕಾದರೆ ಅಭ್ಯಾಸ ಮಾಡಿಕೊಳ್ಳಲಿ ಎಂದರು. ಹತ್ತು ಗಂಟೆಯ ಹೊತ್ತಿಗೆ ಸುದ್ದಿ ಊರು ತುಂಬಿತ್ತು. ಹತ್ತೂಕಾಲಿಗೆ ಜೋಲೀನ್‌ಳ ಗಂಡನ ಫೋನು ಬಂತು. ಏನಾದರೂ ಮಾಡು ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಅವಳು ಮೊದಲು ಹೋದದ್ದು ಗ್ರಿಫಿನ್ ಮರ್ಚಿಸನ್‌ನ ಬಾಡಿಗೆ ಮನೆಗೆ. ಬಾಗಿಲು ತೆರೆದವನು ತಲೆ ಬಾಗಿಲ ಚೌಕಟ್ಟಿಗೆ ತಾಕುವಷ್ಟು ಎತ್ತರದ, ಉದ್ದ ಕೈಗಳ ಹುಡುಗ. ಕ್ಯಾಲಿಫೋರ್ನಿಯಾದ ಫ್ರೆಸ್ನೊದವನು, ಅಲ್ಲಿನ ಕಾಲೇಜು ಬಿಟ್ಟು ಬೇಸಿಗೆಯಲ್ಲಷ್ಟೇ ಇಲ್ಲಿಗೆ ಬಂದಿದ್ದ. ಮನೆಯಲ್ಲಿ ಒಂದು ಸೋಫಾ, ಒಂದು ಟಿವಿ, ಗೋಡೆಯುದ್ದಕ್ಕೂ ಹಾರ್ಲನ್ ಸಾಸೇಜಿನ ಪೆಟ್ಟಿಗೆಗಳು. ಒಪ್ಪಂದದ ಪ್ರಕಾರ ತಿಂಗಳಿಗೆ ಇಷ್ಟು ಅಂತ ಕಳಿಸುತ್ತಾರೆ, ನನಗೆ ಮಾಂಸ ಅಷ್ಟಾಗಿ ಸೇರುವುದಿಲ್ಲ, ಇದನ್ನು ಯಾರಿಗೂ ಹೇಳಬೇಡಿ ಎಂದು ಅವನು ಬೇಡಿಕೊಂಡ.

"ಗುರುವಾರ ಬೆಳಿಗ್ಗೆ ಆರೂವರೆಗೆ ಎಲ್ಲಿದ್ದೆ?"

"ಮಲಗಿದ್ದೆ ಮೇಡಂ."

"ನೋಡಿದೋರು?"

"ಒಬ್ನೇ ಇರೋದು. ಯಾರು ನೋಡ್ತಾರೆ?"

"ಕುಚೇರಾ ಬೇಕರಿ ಗೊತ್ತಾ?"

"ಒಂದ್ಸಲ ಹೋಗಿದ್ದೆ, ಕಾಫಿಗೆ. ಆ ಅಜ್ಜಿ, ಎಲ್ಲಿಯವನಪ್ಪ ನೀನು, ಈ ಕಡೆಯವನ ಹಾಗೆ ಕಾಣಲ್ಲ ಅಂದ್ರು. ಹೆಲ್ಮೆಟ್ ಹಾಕ್ಕೊಂಡ್ರೆ ಎಂಬತ್ತು ಸಾವಿರ ಜನ ನನ್ನ ನಂಬರ್ ಕೂಗ್ತಾರೆ. ತೆಗೆದ್ರೆ ಈ ಊರಲ್ಲಿ ನಾನು ಯಾರೂ ಅಲ್ಲ ಮೇಡಂ."

ಅವನು ಅದನ್ನು ದೂರಿನ ಹಾಗೆ ಹೇಳಲಿಲ್ಲ, ನಕ್ಕೇ ಹೇಳಿದ. ಆದರೂ ಜೋಲೀನ್‌ಗೆ ಪಾಪ ಎನ್ನಿಸಿತು. ಶನಿವಾರ ಆಡದಿದ್ದರೆ ಏನಾಗುತ್ತದೆ ಎಂದು ಕೇಳಿದಳು. ಇದೇ ತನ್ನ ಕಡೆಯ ವರ್ಷ, ವೃತ್ತಿಪರ ತಂಡಗಳವರು ತನ್ನನ್ನು ನೋಡಲು ಈ ಪಂದ್ಯಕ್ಕೆ ಬರುತ್ತಾರೆ, ಫ್ರೆಸ್ನೊದಿಂದ ಅಮ್ಮ ಮೊದಲ ಸಲ ವಿಮಾನ ಹತ್ತಿ ಬರುತ್ತಿದ್ದಾಳೆ ಎಂದ. ಆಮೇಲೆ ಒಂದು ಪೆಟ್ಟಿಗೆ ಸಾಸೇಜು ತೆಗೆದುಕೊಂಡು ಹೋಗಿ ಎಂದು ಒತ್ತಾಯ ಮಾಡಿದ. ಲಂಚವಾಗುತ್ತದೆ ಎಂದು ಅವಳು ತಪ್ಪಿಸಿಕೊಂಡು ಬಂದಳು.

ಕಾರಿನಲ್ಲಿ ಕೂತ ಮೇಲೆ ಅವಳು ವೆಂಡೆಲ್‌ಗೆ, ಆರು ಫೋಟೊ ಜೋಡಿಸು, ಒಂದು ಇವನದು, ಉಳಿದದ್ದು ಇದೇ ವಯಸ್ಸಿನ ಬೇರೆಯವರದು, ಬರ್ನೀಸ್‌ಗೆ ತೋರಿಸೋಣ ಎಂದಳು. ಕಾನ್‌ಸ್ಟೇಬಲ್‌ಗೆ ಇದು ತಮಾಷೆಯಾಗಿ ಕಂಡಿತು. ಹನ್ನೆರಡನೇ ನಂಬರನ್ನು ಗುರುತಿಸುವುದಕ್ಕೆ ಫೋಟೊ ಪೆರೇಡೇ?

"ಊರಿಗೆ ಊರೇ ಬಲ್ಲದು ಅವನನ್ನ," ಎಂದ.

"ನೀನು ಅವನ ಮುಖ ನೋಡಿದ್ದೀಯಾ?"

"ಹೋದ ಶನಿವಾರ ಮೂರೂವರೆ ಗಂಟೆ ನೋಡಿದ್ದೀನಿ."

"ಮುಖಾನಾ?"

ವೆಂಡೆಲ್ ಕಾರು ಹೊರಡಿಸಿದ. ಹೆದ್ದಾರಿಯ ಪಕ್ಕದಲ್ಲಿ ಹಾರ್ಲನ್ ಕಂಪನಿಯ ದೊಡ್ಡ ಬೋರ್ಡು ಹಾದುಹೋಯಿತು. ಅದರಲ್ಲಿ ಒಂದು ಕೆಂಪು ಹೆಲ್ಮೆಟ್ಟು, ಒಂದು ನಂಬರು, ಒಂದು ಸಾಸೇಜು ಇದ್ದವು. ಮುಖ ಇರಲಿಲ್ಲ.

ಮಧ್ಯಾಹ್ನ ಬೇಕರಿಯಲ್ಲಿ ಸ್ಥಳ ಮಹಜರು ನಡೆಯಿತು. ಬರ್ನೀಸ್ ಇಬ್ಬರಿಗೂ ಕಾಫಿ ಕೊಟ್ಟು, ಬನ್ನು ಕೊಟ್ಟು, ತಿನ್ನದೆ ಮಾತಾಡುವ ಹಾಗಿಲ್ಲ ಎಂದು ಕಟ್ಟು ಮಾಡಿದರು. ಹುಡುಗ ಎಲ್ಲಿ ನಿಂತಿದ್ದ, ಎಲ್ಲಿ ಸಹಿ ಹಾಕಿದ, ಯಾವ ಕುರ್ಚಿಯಲ್ಲಿ ಕೂತು ತಿಂದ ಎಂದೆಲ್ಲ ತೋರಿಸಿದರು. ಅವನನ್ನು ಒಪ್ಪಿಸಿದ್ದು ಹೇಗೆ ಎಂದು ಜೋಲೀನ್ ಕೇಳಿದಳು. ದಿನಸಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಮುಂದೆ ತಂಡದ ಜಾಕೆಟ್ಟು, ತೋಳಿನ ಮೇಲೆ ಹನ್ನೆರಡು. ನೀನೇ ಹನ್ನೆರಡು ಅಲ್ಲವೇ ಎಂದರೆ ಹೌದು ಎಂದ. ನಮ್ಮ ಅಂಗಡಿಗೆ ಜಾಹೀರಾತು ಮಾಡಿಕೊಡುತ್ತೀಯಾ ಎಂದರೆ ಹಿಂದೆ ತಿರುಗಿ ನೋಡಿ, ನಾನಾ ಎಂದು ಕೇಳಿದನಂತೆ.

"ಹೆಲ್ಮೆಟ್ ತರೋಕೆ ನಾನೇ ಹೇಳಿದ್ದು. ಅದಿಲ್ದೆ ಇದ್ರೆ ನೀನು ಅಂತ ಯಾರಿಗೆ ಗೊತ್ತಾಗತ್ತೆ ಮರಿ ಅಂದೆ. ತಿನ್ನುವಾಗ ತೆಗೆದ. ಒಳ್ಳೆ ಮುಖ. ಸ್ವಲ್ಪ ಕುಳ್ಳ ಅನ್ನಿಸ್ತು. ಟಿವಿಯಲ್ಲಿ ಎಲ್ರೂ ದೊಡ್ಡೋರಾಗಿ ಕಾಣ್ತಾರಲ್ಲ."

"ಕುಳ್ಳ?" ಎಂದಳು ಜೋಲೀನ್, ಬಾಗಿಲ ಚೌಕಟ್ಟಿಗೆ ತಾಕುತ್ತಿದ್ದ ತಲೆಯನ್ನು ನೆನೆಸಿಕೊಂಡು.

ಆರು ಫೋಟೊಗಳನ್ನು ಮೇಜಿನ ಮೇಲೆ ಹರಡಿದರು. ಬರ್ನೀಸ್ ಕನ್ನಡಕ ಒರೆಸಿಕೊಂಡು ಒಂದೊಂದನ್ನೂ ನೋಡಿದರು. ಗ್ರಿಫಿನ್‌ನ ಫೋಟೊ ಬಂದಾಗ ಬೆರಳಿಟ್ಟರು. ವೆಂಡೆಲ್ ತಿನ್ನುತ್ತಿದ್ದ ಬನ್ನನ್ನು ಕೆಳಗಿಟ್ಟ.

"ಈ ಹುಡುಗ ಒಂದ್ಸಲ ಕಾಫಿಗೆ ಬಂದಿದ್ದ. ಹೊರಗಿನವನು. ಪಾಪ, ಒಬ್ನೇ ಕೂತಿದ್ದ ಅಂತ ಒಂದು ಬನ್ನು ಸುಮ್ನೆ ಕೊಟ್ಟೆ. ಹನ್ನೆರಡು ಇವರಲ್ಲಿ ಯಾರೂ ಅಲ್ಲಮ್ಮ."

ವೆಂಡೆಲ್ ಕುಣಿಯುವುದೊಂದು ಬಾಕಿ. ಮರ್ಚಿಸನ್ ಪಾರಾದ ಎಂದು ಕಾರಿಗೆ ಓಡಲು ಹೊರಟವನನ್ನು ಜೋಲೀನ್ ತಡೆದಳು. ವಿಶ್ವವಿದ್ಯಾಲಯಕ್ಕೆ ಫೋನು ಮಾಡಿದಾಗ ಅವಳು ಅಂದುಕೊಂಡದ್ದೇ ಆಯಿತು. ವಕೀಲರು ಆಗಲೇ ಮುಂದಿನ ದಾರಿ ಹುಡುಕಿಕೊಂಡಿದ್ದರು: ಹುಡುಗ ತಾನು ಬರದೆ, ತನ್ನ ಅಂಗಿ ಹೆಲ್ಮೆಟ್ಟು ಕೊಟ್ಟು ಗೆಳೆಯನನ್ನು ಕಳಿಸಿರಬಹುದಲ್ಲ, ದುಡ್ಡು ಹಂಚಿಕೊಂಡಿರಬಹುದಲ್ಲ? ಬಂದವನು ಯಾರು ಎಂದು ತೋರಿಸುವವರೆಗೆ ಶನಿವಾರದ ಮಾತಿಲ್ಲ ಎಂದರು. ಯಾರದೋ ತಪ್ಪಿಗೆ ಆ ಉದ್ದ ಹುಡುಗ ಬೆಂಚಿನ ಮೇಲೆ ಕೂರುವುದನ್ನು, ಅವನ ತಾಯಿ ಅದನ್ನು ನೋಡಲು ಅಷ್ಟು ದೂರದಿಂದ ಬರುವುದನ್ನು ನೆನೆದು ಜೋಲೀನ್‌ಗೆ ವಕೀಲರ ಮೇಲೆ ಸಿಟ್ಟು ಬಂತು. ಸಿಟ್ಟು ಬಂದಾಗ ಅವಳು ಚೆನ್ನಾಗಿ ಕೆಲಸ ಮಾಡುತ್ತಾಳೆ.

ಬುಧವಾರ ಬೆಳಿಗ್ಗೆ ಇಬ್ಬರೂ ಠಾಣೆಯಲ್ಲಿ ಕೂತು ವಿಡಿಯೊವನ್ನು ಮತ್ತೆ ಮತ್ತೆ ನೋಡಿದರು. ಬರ್ನೀಸ್ ಅವರ ತಂಗಿ ಫೋನಿನಲ್ಲಿ ತೆಗೆದದ್ದು. ಅರ್ಧ ಹೊತ್ತು ಚಾವಣಿಯೇ ಕಾಣುತ್ತಿತ್ತು. ಹೆಲ್ಮೆಟ್ ಹಾಕಿದ ಹುಡುಗ ಬನ್ನಿನ ತಟ್ಟೆ ಹಿಡಿದು, ಕುಚೇರಾ ಕೊಲಾಚೆ, ಗೆದ್ದವರ ತಿಂಡಿ ಎನ್ನುತ್ತಿದ್ದ. ಅಂಗಿ ಅಂಗಡಿಯಲ್ಲಿ ಮಾರುವಂಥದಲ್ಲ, ಆಟಗಾರರಿಗೆ ಹೊಲಿದದ್ದು, ಮೊಣಕೈ ಹತ್ತಿರ ಹರಿದು ತೇಪೆ ಹಾಕಿದ್ದು. ಬೆನ್ನ ಮೇಲೆ ಹೆಸರಿಲ್ಲ. ಆಟಗಾರನಿಗಿಂತ ತಂಡ ದೊಡ್ಡದು ಎಂದು ಯಾವುದೋ ಹಳೆಯ ಕೋಚು ಮಾಡಿದ ಕಟ್ಟಳೆ. ಬೈಸನ್ ಅಂಗಿಗಳ ಮೇಲೆ ಎಂದೂ ಹೆಸರು ಹಾಕುವುದಿಲ್ಲ, ನಂಬರು ಮಾತ್ರ.

ನಾಲ್ಕನೇ ಸಲ ನೋಡುವಾಗ ವೆಂಡೆಲ್ ಮುಂದಕ್ಕೆ ಬಾಗಿದ. ಹೆಲ್ಮೆಟ್ಟು ಬೋಳು ಎಂದ. ಬೋಳು ಎಂದರೆ ಏನು ಎಂದಳು ಜೋಲೀನ್. ಆಟದಲ್ಲಿ ಚೆನ್ನಾಗಿ ಆಡಿದಾಗಲೆಲ್ಲ ಕೋಚು ಒಂದೊಂದು ಗೊರಸಿನ ಗುರುತು ಕೊಡುತ್ತಾರೆ, ಅದನ್ನು ಹೆಲ್ಮೆಟ್ಟಿಗೆ ಅಂಟಿಸಿಕೊಳ್ಳುತ್ತಾರೆ. ಮರ್ಚಿಸನ್‌ನ ಹೆಲ್ಮೆಟ್ಟಿನಲ್ಲಿ ಈಗ ಅಂಟಿಸಲು ಜಾಗವೇ ಇಲ್ಲ. ಇದರ ಮೇಲೆ ಒಂದೂ ಇಲ್ಲ ಎಂದು ಅವನು ವಿವರಿಸಿದ.

"ಒಂದೂ ಇಲ್ದಿರೋದು ಯಾರ ಹೆಲ್ಮೆಟ್ ಮೇಲೆ?"

"ಆಡೇ ಇಲ್ದೋನ ಹೆಲ್ಮೆಟ್ ಮೇಲೆ ಮೇಡಂ."

ಮಾರನೆಯ ದಿನ, ಗುರುವಾರ ಮಧ್ಯಾಹ್ನ, ಅಭ್ಯಾಸದ ಮೈದಾನಕ್ಕೆ ಹೋಗಲು ಕೋಚ್ ಬಡ್ ಲಾರ್ಕಿನ್ ಒಪ್ಪಿಗೆ ಕೊಟ್ಟರು. ಟಾಲ್ಬಟ್ ವಾರದಲ್ಲಿ ಹೊರಗಿನವರನ್ನು ಅವರು ಗೇಟಿನ ಹತ್ತಿರಕ್ಕೂ ಬಿಡುವುದಿಲ್ಲ. ಪೊಲೀಸರೆಂದು ಬಿಟ್ಟರು, ಫೋನುಗಳನ್ನು ಕಿತ್ತಿಟ್ಟುಕೊಂಡೇ ಬಿಟ್ಟರು. ವೆಂಡೆಲ್‌ಗೆ ಅದು ಸ್ವರ್ಗಕ್ಕೆ ಕರೆದುಕೊಂಡು ಹೋದಂತಾಗಿತ್ತು. ಅವನು ಹಲ್ಲುಕಿರಿದು ನಿಂತು, ಅದೋ ಮರ್ಚಿಸನ್, ಹಳದಿ ಅಂಗಿ, ಅಭ್ಯಾಸದಲ್ಲಿ ಅವನನ್ನು ಯಾರೂ ಬೀಳಿಸಬಾರದು ಅಂತ ಹಳದಿ ಎಂದು ತೋರಿಸಿದ. ಹಳದಿ ಅಂಗಿಯ ಮೇಲೆ ಹನ್ನೆರಡು ಇತ್ತು. ಉದ್ದ ಕೈ ಹಿಂದಕ್ಕೆ ಹೋಯಿತು, ಚೆಂಡು ಹಾರಿತು.

ಜೋಲೀನ್ ಚೆಂಡು ಹೋದ ಕಡೆಗೆ ನೋಡಿದಳು. ಅದು ಹಿಡಿಯಬೇಕಾದವನ ಕೈಗೆ ಸೇರುವ ಮೊದಲೇ ಪಕ್ಕದಿಂದ ಒಬ್ಬ ಕುಳ್ಳ ಹುಡುಗ ನುಗ್ಗಿ ಎಗರಿ ಕಿತ್ತುಕೊಂಡ. ಅವನ ಅಂಗಿ ಬಿಳಿ. ತಿರುಗಿ ನಿಂತಾಗ ಬೆನ್ನು ಕಂಡಿತು.

"ವೆಂಡೆಲ್, ಆ ಬಿಳಿ ಅಂಗಿಯವನ ನಂಬರ್ ಎಷ್ಟು?"

ವೆಂಡೆಲ್ ನೋಡಿದ. ಅವನ ನಗು ಹಾಗೇ ನಿಂತುಹೋಯಿತು. "ಹನ್ನೆರಡು," ಎಂದ.

ಕೋಚ್ ಲಾರ್ಕಿನ್‌ಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಕಾಣಲಿಲ್ಲ. ತಂಡದಲ್ಲಿ ನೂರಿಪ್ಪತ್ತು ಹುಡುಗರು, ನಂಬರು ತೊಂಬತ್ತೊಂಬತ್ತೇ. ಚೆಂಡು ಎಸೆಯುವ ಕಡೆ ಒಬ್ಬ, ತಡೆಯುವ ಕಡೆ ಒಬ್ಬ ಒಂದೇ ನಂಬರು ಹಾಕಿದರೆ ಅಡ್ಡಿಯಿಲ್ಲ, ಇಬ್ಬರೂ ಒಟ್ಟಿಗೆ ಮೈದಾನದಲ್ಲಿ ಇರುವುದಿಲ್ಲವಲ್ಲ. ಅವನು ಎಮೆಟ್ ಟಾಲಫ್ಸನ್, ವಿದ್ಯಾರ್ಥಿವೇತನವಿಲ್ಲದೆ ತಾನೇ ಫೀಸು ಕಟ್ಟಿಕೊಂಡು ಬಂದವನು, ನಾಲ್ಕನೇ ವರ್ಷ, ಹನ್ನೆರಡು ಮೊದಲಿಂದಲೂ ಅವನದೇ. ಮರ್ಚಿಸನ್ ಬಂದು ಅದೇ ಬೇಕೆಂದ, ಕೊಟ್ಟೆವು. ಪಂದ್ಯದಲ್ಲಿ ಆಡಿದ್ದಾನೆಯೇ ಎಂದರೆ ಇಲ್ಲ, ಅಣಕು ತಂಡದವನು ಎಂದರು ಕೋಚು. ಪ್ರತಿ ವಾರ ಎದುರಾಳಿಗಳು ಹೇಗೆ ಆಡುತ್ತಾರೋ ಹಾಗೇ ಆಡಿ ತೋರಿಸುವುದು ಆ ಹುಡುಗರ ಕೆಲಸ. ಈ ವಾರ ಎಮೆಟ್ ಟಾಲ್ಬಟ್‌ನ ಮೂರನೇ ನಂಬರು.

ಪ್ರತಿ ಶನಿವಾರ ನಲವತ್ತನೇ ಸಾಲಿನಲ್ಲಿ ಕೂತು ಆಟಗಾರರ ಹುಟ್ಟುಹಬ್ಬಗಳನ್ನೆಲ್ಲ ಬಾಯಿಪಾಠ ಒಪ್ಪಿಸುವ ವೆಂಡೆಲ್‌ಗೆ ಈ ಹುಡುಗನ ಹೆಸರೇ ಗೊತ್ತಿರಲಿಲ್ಲ. ಅವನು ನೆಲ ನೋಡುತ್ತಾ ನಿಂತ.

ಜೋಲೀನ್ ಗೆರೆಯ ಹತ್ತಿರ ಹೋಗಿ ನಿಂತಳು. ಎಮೆಟ್ ಹೆಲ್ಮೆಟ್ ತೆಗೆದು ಬಂದ. ಬೆವರಿದ, ನಸು ಕೆಂಪು ಮುಖ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ. ಅವಳು ಬ್ಯಾಡ್ಜ್ ತೋರಿಸುವ ಮೊದಲೇ ಅವನಿಗೆ ಗೊತ್ತಾಗಿತ್ತು.

"ಬೇಕರಿ ವಿಷಯಾನಾ ಮೇಡಂ?"

"ಹೌದು."

"ನಾಳೆ ಬೆಳಿಗ್ಗೆ ನಾನೇ ಬರ್ತಿದ್ದೆ. ಅಭ್ಯಾಸ ಇವತ್ತಿಗೆ ಮುಗಿಯತ್ತೆ ಅಂತ ಕಾದೆ."

"ಅಭ್ಯಾಸಕ್ಕೂ ಇದಕ್ಕೂ ಏನು ಸಂಬಂಧ?"

ಅವನು ಹಳದಿ ಅಂಗಿಯ ಕಡೆ ತಲೆ ಆಡಿಸಿದ. ಟಾಲ್ಬಟ್‌ನ ಮೂರನೇ ನಂಬರಿನವನು ಸುಮ್ಮನೆ ನಿಂತ ಹಾಗೆ ನಟಿಸಿ ಕಡೆಯ ಗಳಿಗೆಯಲ್ಲಿ ನುಗ್ಗುತ್ತಾನೆ. ನುಗ್ಗುವ ಮೊದಲು ಎಡ ಹಿಮ್ಮಡಿ ಒಂದು ಚೂರು ಎತ್ತುತ್ತಾನೆ, ಅದೊಂದೇ ಸುಳಿವು. ಗ್ರಿಫಿನ್ ಇನ್ನೂ ಅದನ್ನು ಗಮನಿಸುತ್ತಿಲ್ಲ, ಈಗ ತಾನೇ ಮತ್ತೆ ಚೆಂಡು ಕಳೆದುಕೊಂಡ. ಇನ್ನೊಂದು ಇಪ್ಪತ್ತು ನಿಮಿಷ ಬಿಟ್ಟರೆ ಅವನಿಗೆ ಅರ್ಥವಾಗುತ್ತದೆ, ಆಮೇಲೆ ನೀವು ಹೇಳಿದ ಕಡೆ ಬರುತ್ತೇನೆ ಎಂದು ಎಮೆಟ್ ಕೇಳಿದ.

"ಅವನು ಶನಿವಾರ ಆಡ್ತಾನೋ ಇಲ್ವೋ ಇನ್ನೂ ಯಾರಿಗೂ ಗೊತ್ತಿಲ್ವಲ್ಲ," ಎಂದಳು ಜೋಲೀನ್.

"ನಾನು ನಿಮ್ ಜೊತೆ ಬಂದ್ರೆ ಆಡ್ತಾನೆ. ಅದಕ್ಕೇ ಕೇಳ್ತಿರೋದು."

ಆರೋಪಿಯನ್ನು ಕಂಡ ಮೇಲೆ ಹಾಗೆ ಬಿಡುವುದು ಕಾನೂನಿನ ಯಾವ ಪುಸ್ತಕದಲ್ಲೂ ಇಲ್ಲ. ಜೋಲೀನ್ ಬೆಂಚಿನ ಮೇಲೆ ಕೂತಳು. ಬದುಕಿನಲ್ಲಿ ಮೊದಲ ಸಲ ಅವಳು ಫುಟ್‌ಬಾಲನ್ನು ಕಣ್ಣಿಟ್ಟು ನೋಡಿದಳು. ಬೇರೇನೂ ತಿಳಿಯಲಿಲ್ಲ, ಒಂದು ಎಡ ಹಿಮ್ಮಡಿ ಮಾತ್ರ ನೋಡುತ್ತಿದ್ದಳು. ಮೂರು ಸಲ ಎಮೆಟ್ ಚೆಂಡು ಕಿತ್ತುಕೊಂಡ. ನಾಲ್ಕನೇ ಸಲ ಹಿಮ್ಮಡಿ ಎದ್ದಾಗ ಹಳದಿ ಅಂಗಿಯವನ ಕೈ ಅರ್ಧಕ್ಕೇ ನಿಂತಿತು, ಕಣ್ಣು ಬೇರೆ ಕಡೆ ಹೊರಳಿತು, ಚೆಂಡು ಇನ್ನೊಬ್ಬನಿಗೆ ಹೋಯಿತು. ಎಮೆಟ್ ಖಾಲಿ ಗಾಳಿಗೆ ಎಗರಿ ಹುಲ್ಲಿನ ಮೇಲೆ ಮಕಾಡೆ ಬಿದ್ದ. ಬಿದ್ದಲ್ಲೇ ಚಪ್ಪಾಳೆ ತಟ್ಟಿದ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮೈದಾನದ ಗೇಟಿನಲ್ಲಿ ಎಮೆಟ್ ಟಾಲಫ್ಸನ್‌ನ ದಸ್ತಗಿರಿಯಾಯಿತು. ಕೈಕೋಳ ಹಾಕಲಿಲ್ಲ. ಅವನ ಹಕ್ಕುಗಳನ್ನು ಓದಿ ಹೇಳಿದ ಮೇಲೂ ಅವನು ವಕೀಲ ಬೇಡ ಎಂದ, ನಡೆದದ್ದನ್ನು ನಡೆದ ಹಾಗೆ ಹೇಳಿದ. ದುಡ್ಡು ಏನಾಯಿತು ಎಂದು ಕೇಳಿದಾಗ ಮಾತ್ರ ಸ್ವಲ್ಪ ನಾಚಿದ. ಅಣಕು ತಂಡದ ಹುಡುಗರನ್ನೆಲ್ಲ ಹೆದ್ದಾರಿಯ ಸ್ಟೇಕ್ ಹೋಟೆಲಿಗೆ ಕರೆದುಕೊಂಡು ಹೋಗಿ ಹೊಟ್ಟೆ ತುಂಬ ತಿನ್ನಿಸಿದ್ದ. ನನಗೊಂದು ಜಾಹೀರಾತು ಸಿಕ್ಕಿತು ಎಂದನಂತೆ. ಅವರು ನಂಬಲಿಲ್ಲ, ಆದರೂ ತಿಂದರು. ವೆಂಡೆಲ್ ಹೋಟೆಲಿಗೆ ಫೋನು ಮಾಡಿ ವಿಚಾರಿಸಿದ. ಅಷ್ಟು ಗಲಾಟೆ ಮಾಡಿದ, ಅಷ್ಟು ಒಳ್ಳೆಯ ಹುಡುಗರು ಇತ್ತೀಚೆಗೆ ಬಂದಿರಲಿಲ್ಲ ಎಂದರು ಅಲ್ಲಿಯವರು.

"ಡಬ್ಬಗಳ ಮೇಲೆ ಯಾರ ಸಹಿ ಹಾಕಿದೆ?" ಎಂದು ಕೇಳಿದಳು ಜೋಲೀನ್.

"ನಂದೇ. ಪೂರ್ತಿ ಹೆಸರು. ಯಾರೂ ಓದ್ಲಿಲ್ಲ ಮೇಡಂ."

"ಮರ್ಚಿಸನ್ ಅಂತ ಎಲ್ಲಾದ್ರೂ ಹೇಳಿದ್ಯಾ?"

"ಇಲ್ಲ."

"ಹಾಗಾದ್ರೆ ಮೋಸ ಎಲ್ಲಿ ಮಾಡಿದೆ? ನೀನೇ ಹೇಳು, ಬರ್ಕೋತೀನಿ."

ಅವನು ಯೋಚಿಸಿ ಹೇಳಿದ. ಬನ್ನು ತಿನ್ನುತ್ತಾ ಕೂತಿದ್ದಾಗ ಬರ್ನೀಸ್ ಪಕ್ಕದಲ್ಲಿ ಬಂದು ಕೂತು, ಹಿಂದಿನ ಶನಿವಾರ ಕೊನೆಯ ನಿಮಿಷದಲ್ಲಿ ನೀನು ಎಸೆದೆಯಲ್ಲ, ಅದನ್ನು ನೋಡಿ ನಮ್ಮ ಯಜಮಾನರು ಅತ್ತುಬಿಟ್ಟರು, ಅವರ ಕಣ್ಣಲ್ಲಿ ನೀರು ಕಂಡು ಮೂವತ್ತು ವರ್ಷ ಆಗಿತ್ತು ಎಂದು ಅವನ ಕೈ ಹಿಡಿದರು. ಅದು ನಾನಲ್ಲ ಎಂದು ಆಗ ಹೇಳಬೇಕಿತ್ತು.

"ಥ್ಯಾಂಕ್ಸ್ ಮೇಡಂ ಅಂದುಬಿಟ್ಟೆ. ಅಲ್ಲೇ ಮೋಸ ಮಾಡಿದ್ದು," ಎಂದ.

ಜೋಲೀನ್ ಅದನ್ನು ಹಾಗೇ ಬರೆದುಕೊಂಡಳು. ಮರ್ಚಿಸನ್‌ಗೆ ಇದಾವುದೂ ತಿಳಿದಿರಲಿಲ್ಲ ಎನ್ನುವ ಎಮೆಟ್‌ನ ಹೇಳಿಕೆಯ ಪ್ರತಿ ಸಂಜೆ ಆರರೊಳಗೆ ವಿಶ್ವವಿದ್ಯಾಲಯಕ್ಕೆ ಹೋಯಿತು. ಏಳಕ್ಕೆ ಉತ್ತರ ಬಂತು: ಹುಡುಗ ಶನಿವಾರ ಆಡಬಹುದು. ಅವಳು ಅದನ್ನು ಓದಿ ಹೇಳಿದಾಗ ಎಮೆಟ್ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡ. ಎರಡು ದಿನದಿಂದ ಅವನು ಸರಿಯಾಗಿ ನಿದ್ದೆ ಮಾಡಿದ ಹಾಗೆ ಕಾಣುತ್ತಿರಲಿಲ್ಲ.

ಆ ರಾತ್ರಿಯೇ ಬೇಕರಿಯಲ್ಲಿ ನಡೆದ ಎರಡನೇ ಫೋಟೊ ಪೆರೇಡಿನಲ್ಲಿ ಬರ್ನೀಸ್ ಒಂದೇ ನೋಟಕ್ಕೆ, ಇವನೇ ನನ್ನ ಹನ್ನೆರಡು ಎಂದು ಬೆರಳಿಟ್ಟರು. ವಿಷಯ ಪೂರ್ತಿ ಕೇಳಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೆಲ್ಮೆಟ್ ತರಲು ಹೇಳಿದ್ದು ನಾನೇ ಎಂದು ತಮ್ಮಷ್ಟಕ್ಕೆ ಗೊಣಗಿದರು. ದೂರು ಹಿಂದಕ್ಕೆ ತೆಗೆದುಕೊಳ್ಳುತ್ತೀರಾ ಎಂದು ವೆಂಡೆಲ್ ಆಸೆಯಿಂದ ಕೇಳಿದ. ಇಲ್ಲ, ಸುಳ್ಳು ಸುಳ್ಳೇ, ದುಡ್ಡು ವಾಪಸ್ ಬರಬೇಕು, ಎಷ್ಟು ಭಾನುವಾರ ಬೇಕರಿಯಲ್ಲಿ ಪಾತ್ರೆ ತೊಳೆದರೆ ತೀರುತ್ತದೋ ಜಡ್ಜು ಹೇಳಲಿ ಎಂದರು. ಆಮೇಲೆ ಒಂದು ಡಬ್ಬ ತುಂಬ ಬನ್ನು ಕೊಟ್ಟು, ಇದು ಲಾಕಪ್ಪಿಗೆ, ಬಿಸಿಯಿದ್ದಾಗಲೇ ಕೊಡಬೇಕು ಎಂದು ತಾಕೀತು ಮಾಡಿದರು.

ಸಣ್ಣ ಅಪರಾಧ, ಹಿಂದಿನ ಕೇಸು ಯಾವುದೂ ಇಲ್ಲ, ಕೋರ್ಟಿನ ದಿನ ಬರೆದುಕೊಟ್ಟು ಬಿಡುವುದು ಪದ್ಧತಿ. ಕರೆದುಕೊಂಡು ಹೋಗಲು ಯಾರಾದರೂ ಇದ್ದಾರೆಯೇ ಎಂದು ಕೇಳುವಷ್ಟರಲ್ಲಿ ಹೊರಗಿನ ಕೋಣೆಯಿಂದ ಗದ್ದಲ ಕೇಳಿತು. ರಾತ್ರಿ ಪಾಳಿಗೆ ಆಗಷ್ಟೇ ಬಂದಿದ್ದ ಕಾನ್‌ಸ್ಟೇಬಲ್, ಬೆನ್ನ ಹಿಂದೆ ಗೋಡೆಗೆ ಹನ್ನೆರಡರ ಅಂಗಿ ನೇತುಹಾಕಿಕೊಂಡವನು, ಎದುರಿಗೆ ನಿಂತ ಉದ್ದ ಹುಡುಗನನ್ನು ಹೆಸರೇನು, ಯಾರನ್ನು ನೋಡಬೇಕು ಎಂದು ವಿಚಾರಿಸುತ್ತಿದ್ದ. ಹುಡುಗನ ಕಂಕುಳಲ್ಲಿ ಒಂದು ಪೆಟ್ಟಿಗೆ ಸಾಸೇಜು ಇತ್ತು.

"ಎಮೆಟ್‌ನ ಕರ್ಕೊಂಡು ಹೋಗೋಕೆ ಬಂದೆ," ಎಂದ ಗ್ರಿಫಿನ್ ಮರ್ಚಿಸನ್ ಜೋಲೀನ್‌ಳನ್ನು ಕಂಡು. "ಕೋಚ್ ಅವನನ್ನ ಶನಿವಾರ ಹೊರಗಿಟ್ಟಿದ್ದಾರೆ. ನಾಳೆ ಬೆಳಿಗ್ಗೆ ನಾವಿಬ್ರೇ ಎಲ್ಲಾದ್ರೂ ಆಡ್ತೀವಿ. ಆ ಹಿಮ್ಮಡಿ ಇನ್ನೂ ಹತ್ತು ಸಲ ನೋಡ್ಬೇಕು ನಾನು."

"ಅವನ ಮೇಲೆ ಸಿಟ್ಟಿಲ್ವಾ?"

"ಇತ್ತು ಮೇಡಂ. ಆದ್ರೆ ಈ ಊರಲ್ಲಿ ನನ್ನ ಎಡವಟ್ಟನ್ನ ನನ್ನ ಮುಖ ನೋಡಿ ಹೇಳೋನು ಅವನೊಬ್ನೇ."

ಅವರು ಹೊರಡುವ ಮೊದಲು ಜೋಲೀನ್ ಎಮೆಟ್‌ನನ್ನು ಒಂದು ಮಾತು ಕೇಳಿದಳು. ವರದಿಯಲ್ಲಿ ಅಪರಾಧಕ್ಕೆ ಪ್ರೇರಣೆ ಏನು ಎನ್ನುವ ಜಾಗ ಖಾಲಿ ಉಳಿದಿತ್ತು. ದುಡ್ಡಿನ ಆಸೆ ಎಂದು ಬರೆದರೆ ಮೇಲಿನವರಿಗೂ ಸಾಕು, ಕೋರ್ಟಿಗೂ ಸಾಕು. ಆದರೆ ಅದು ನಿಜವಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು.

ಎಮೆಟ್ ಬನ್ನಿನ ಡಬ್ಬವನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದ.

"ನಾಲ್ಕು ವರ್ಷದಿಂದ ವಾರಕ್ಕೊಬ್ಬ ಆಗ್ತೀನಿ ಮೇಡಂ. ಒಂದು ವಾರ ಅವರ ಏಳು, ಒಂದು ವಾರ ಇನ್ನೊಬ್ಬರ ಇಪ್ಪತ್ತೊಂದು. ಈ ವಾರ ಟಾಲ್ಬಟ್‌ನ ಮೂರು. ಚೆನ್ನಾಗಿ ಮಾಡ್ತೀನಿ, ಕೋಚೂ ಹೇಳ್ತಾರೆ. ಆವತ್ತು ದಿನಸಿ ಅಂಗಡಿಯಲ್ಲಿ ಆ ಅಜ್ಜಿ, ನೀನು ನಮ್ಮ ಹನ್ನೆರಡು ಅಲ್ವಾ ಅಂದ್ರು. ನಮ್ಮ ಅಂದ್ರು. ನಾನು ಹೌದಲ್ವಾ?"

ಜೋಲೀನ್ ಹೌದು ಎಂದಳು. ಹನ್ನೆರಡನೇ ನಂಬರಿನ ಇಬ್ಬರೂ ಮೆಟ್ಟಿಲಿಳಿದು, ಒಬ್ಬ ಸಾಸೇಜು, ಒಬ್ಬ ಬನ್ನು ಹಿಡಿದುಕೊಂಡು, ರಸ್ತೆ ದಾಟಿದರು. ಒಬ್ಬ ಎಡ ಹಿಮ್ಮಡಿ ಎತ್ತಿ ತೋರಿಸುತ್ತಿದ್ದ, ಇನ್ನೊಬ್ಬ ಬಗ್ಗಿ ನೋಡುತ್ತಿದ್ದ. ಪಕ್ಕದಲ್ಲಿ ಹಾದುಹೋದ ಯಾರೂ ಅವರನ್ನು ಗುರುತಿಸಲಿಲ್ಲ. ಅವಳು ಮೇಜಿಗೆ ಮರಳಿ, ಆರೋಪಿಯ ಹೆಸರಿನಲ್ಲಿದ್ದ ತಪ್ಪನ್ನು ತಿದ್ದಿ, ಪ್ರೇರಣೆ ಎನ್ನುವ ಜಾಗದಲ್ಲಿ, ತನ್ನನ್ನೇ ಕರೆದರು ಎಂದುಕೊಂಡು ಹೋದ ಎಂದು ಬರೆದು ಸಹಿ ಹಾಕಿದಳು.